ಹನ್ನೆರಡು ಮೆಶಿನ್ನುಗಳ ವಠಾರ

ಬ್ಯಾಂಕುಗಳು ಒಂದಾದ ಮೇಲೊಂದು ಮುಗ್ಗರಿಸುತ್ತಿದ್ದ ಆ ಚಳಿಗಾಲದಲ್ಲಿ ನಮ್ಮ ಮ್ಯಾನೇಜರ್ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು. ಲ್ಯಾಬಿನಲ್ಲಿರುವ ಹನ್ನೆರಡು ಟೆಸ್ಟ್ ಮೆಶಿನ್ನುಗಳನ್ನು ಒಂದರೊಳಗೇ ತುಂಬಲು ಆಗುತ್ತದೆಯೇ? ಆಗುತ್ತದೆ ಎಂದುಬಿಟ್ಟೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೆ ಮುಚ್ಚಿದ ಡಬ್ಬಿ ಕಂಡರೆ ತೆಗೆದು ನೋಡುವ ತನಕ ನನಗೆ ಊಟ ಸೇರುವುದಿಲ್ಲ.

ನಮ್ಮದು ಜರ್ಸಿ ಸಿಟಿಯಲ್ಲಿ ನದಿಗೆ ಮುಖಮಾಡಿದ ಕಟ್ಟಡ. ಷೇರು ವ್ಯವಹಾರದ ಸಾಫ್ಟ್‌ವೇರು ಗಿರಾಕಿಗಳ ಕೈಸೇರುವ ಮುಂಚೆ ಅದನ್ನು ಪರೀಕ್ಷಿಸುವುದು ನಮ್ಮ ತಂಡದ ಕೆಲಸ. ಮನೆಯಿದ್ದ ಪ್ಲೇನ್ಸ್‌ಬರೋದಿಂದ ಕಾರು, ಒಂದು ಟ್ರೈನು, ಮತ್ತೊಂದು ಟ್ರೈನು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ನನಗೆ ಅರ್ಧ ಜೀವ ಹೋಗಿರುತ್ತಿತ್ತು. ಆ ತಿಂಗಳುಗಳಲ್ಲಿ ಮಾತ್ರ ಟ್ರೈನಿನಲ್ಲಿ ಸೀಟು ಸಲೀಸಾಗಿ ಸಿಗುತ್ತಿತ್ತು. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಲ್ಯಾಬ್ ಎಂದರೆ ಕಿಟಕಿಯಿಲ್ಲದ, ಸದಾ ಗುಂಯ್‌ಗುಡುವ, ಸ್ವೆಟರ್ ಇಲ್ಲದೆ ಕೂರಲಾಗದ ಒಂದು ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವರು ಬೆಂಗಳೂರಿನ ಶಿವಾಜಿನಗರದ ಸಾಹೇಬರೊಬ್ಬರು. ಆಫೀಸಿನವರೆಲ್ಲ ಹೆಸರು ಹಿಡಿದು ಕರೆದರೂ ನಾನು ಮಾತ್ರ ಅವರನ್ನು ಅಂಕಲ್ ಎನ್ನುತ್ತಿದ್ದೆ. ಒಂದೊಂದು ಕೇಬಲ್ಲಿನ ಎರಡೂ ತುದಿಗೆ ಬಿಳಿ ಟೇಪು ಸುತ್ತಿ, ಅದರ ಮೇಲೆ ಕನ್ನಡ ಅಂಕಿಯಲ್ಲಿ ನಂಬರು ಬರೆದಿದ್ದರು.

"ಇಂಗ್ಲಿಷಲ್ಲಿ ಬರೆದ್ರೆ ಇವ್ರು ಓದ್ಬಿಡ್ತಾರೆ. ಓದಿದ್ರೆ ಕಿತ್ತು ಬೇರೆ ಕಡೆ ಸಿಕ್ಕಿಸ್ತಾರೆ. ಹಿಂಗಿದ್ರೆ ನನ್ನ ಕೇಳ್ಲೇಬೇಕು," ಎಂದು ನಗುತ್ತಿದ್ದರು.

ಹನ್ನೆರಡು ಮೆಶಿನ್ನು ಒಂದಾದರೆ ಆ ಕೋಣೆ ಬೇಕಾಗುವುದಿಲ್ಲ, ಕೋಣೆ ಹೋದರೆ ಅವರ ಕೆಲಸವೂ ಉಳಿಯುವುದಿಲ್ಲ. ಇದು ನನಗೆ ಮೊದಲ ದಿನವೇ ಗೊತ್ತಿತ್ತು, ಮ್ಯಾನೇಜರ್ ಮುಚ್ಚಿಟ್ಟಿರಲಿಲ್ಲ. ಅಂಕಲ್ ಅವರ ವೀಸಾ, ಗ್ರೀನ್ ಕಾರ್ಡ್ ಅರ್ಜಿ ಎರಡೂ ಆ ಕೆಲಸಕ್ಕೇ ಅಂಟಿಕೊಂಡಿದ್ದವು. ಅವರ ಮಗಳು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದಳು. ಜೂನ್ ತನಕ ಹೇಗಾದರೂ ತಳ್ಳಿದರೆ ಅವಳ ಸ್ಕೂಲು ಮುಗಿಯುತ್ತದೆ, ಆಮೇಲೆ ದೇವರಿಟ್ಟ ಹಾಗೆ ಎಂದು ಅವರೇ ಒಮ್ಮೆ ಹೇಳಿದ್ದರು. ಇಷ್ಟೆಲ್ಲ ತಿಳಿದೂ ನಾನು ಕೆಲಸ ಶುರುಮಾಡಿದೆ. ನಾನು ಒಲ್ಲೆನೆಂದರೆ ಇನ್ನೊಬ್ಬರು ಮಾಡುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಇನ್ನೊಬ್ಬರು ಮಾಡುವುದು ನನಗೆ ಬೇಕಿರಲಿಲ್ಲ.

ಕಂಟೇನರ್ ಎಂಬ ಮಾತು ಆಗಿನ್ನೂ ಎಲ್ಲರ ಬಾಯಿಗೆ ಬಂದಿರಲಿಲ್ಲ. ಒಂದೇ ಯಂತ್ರವನ್ನು ಒಳಗೊಳಗೇ ಪಾಲು ಮಾಡುವುದು, ಅಷ್ಟೆ. ಪ್ರತಿ ಪಾಲೂ ತಾನೊಂದು ಪೂರ್ತಿ ಯಂತ್ರವೆಂದೇ ನಂಬಿಕೊಂಡಿರುತ್ತದೆ. ನನಗೆ ನೆನಪಾದದ್ದು ಮೈಸೂರಿನ ನಮ್ಮ ವಠಾರ. ಬೀದಿಗೆ ಒಂದೇ ಗೇಟು, ಎಲ್ಲರಿಗೂ ಒಂದೇ ನಲ್ಲಿ, ಒಳಗೆ ಸಾಲುಮನೆ, ಒಬ್ಬೊಬ್ಬರಿಗೂ ತಮ್ಮ ಸಂಸಾರವೇ ಲೋಕ. ಮನೆಗಳನ್ನು ಎಬ್ಬಿಸುವುದು ಒಂದು ಮಧ್ಯಾಹ್ನದ ಕೆಲಸವಾಯಿತು. ಕಷ್ಟವಿದ್ದದ್ದು ಅವುಗಳ ನಡುವೆ ಮಾತು ಬೆಳೆಸುವುದರಲ್ಲಿ. ಇಲ್ಲದ ಕೇಬಲ್ಲನ್ನು ಇಲ್ಲದ ನೆಟ್‌ವರ್ಕ್ ಕಾರ್ಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಇಲ್ಲದ ಸ್ವಿಚ್ಚಿಗೆ, ಎಂದರೆ ಎಲ್ಲ ಕೇಬಲ್ಲೂ ಬಂದು ಸೇರಿ ಸಂದೇಶ ಹಂಚುವ ಡಬ್ಬಿಗೆ, ಜೋಡಿಸಬೇಕು. ಎಲ್ಲವೂ ಫೈಲಿನೊಳಗೆ ಬರೆದ ಬರೀ ಅಕ್ಷರ. ಮೊದಲ ಮನೆಯಿಂದ ಉತ್ತರ ಬಂದಾಗ ನಾನು ಕೂತಲ್ಲೇ ಚಪ್ಪಾಳೆ ಹೊಡೆದೆ. ಪಕ್ಕದವನು ಹೆಡ್‌ಫೋನ್ ತೆಗೆದು ನನ್ನನ್ನು ನೋಡಿದ.

ಉಳಿದ ಹನ್ನೊಂದನ್ನು ಅದರಿಂದಲೇ ಕಾಪಿ ಹೊಡೆದೆ. ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಒಂದು ಮನೆ ಓಗೊಟ್ಟರೆ ಮಿಕ್ಕ ಹನ್ನೊಂದೂ ಮೂಕ. ಸ್ವಲ್ಪ ಹೊತ್ತು ಬಿಟ್ಟರೆ ಇನ್ಯಾವುದಕ್ಕೋ ಬಾಯಿ ಬರುತ್ತದೆ, ಮೊದಲು ಮಾತಾಡಿದ್ದು ಸುಮ್ಮನಾಗುತ್ತದೆ. ಮೂರು ದಿನ ತಲೆ ಕೆರೆದುಕೊಂಡೆ, ಕೀಬೋರ್ಡಿಗೆ ಬೈದೆ, ಡಬ್ಬಿ ಅನ್ನವನ್ನು ಹಾಗೇ ಮನೆಗೆ ವಾಪಸ್ಸು ತಂದೆ. ನಾಲ್ಕನೆಯ ದಿನ ನೇರವಾಗಿ ಲ್ಯಾಬಿಗೆ ಹೋಗಿ ಅಂಕಲ್ ಮುಂದೆ ಕೂತೆ. ಯಾವ ಮುಖ ಹೊತ್ತು ಹೋದೆನೋ, ಈಗ ಯೋಚಿಸಿದರೆ ಕಸಿವಿಸಿಯಾಗುತ್ತದೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಇದು ಆಗ್ಬಿಟ್ರೆ ಈ ರೂಮ್ ಖಾಲಿ ತಾನೇ?"

"ಹೌದು ಅಂಕಲ್."

ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿದು ಪಕ್ಕಕ್ಕಿಟ್ಟರು. ಆಮೇಲೆ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ಮತ್ತೆ ತೋರ್ಸು. ಒಂದು ಮಾತಾಡಿದ್ರೆ ಇನ್ನೊಂದು ಸುಮ್ನಾಗತ್ತಾ? ಎಲ್ಲಾದಕ್ಕೂ ಹಂಗೇನಾ?"

ತೋರಿಸಿದೆ. ಅವರ ಮುಖ ಅರಳಿತು.

"ಇದನ್ನ ನಾನು ನೋಡಿದೀನಮ್ಮ! ಬೆಂಗಳೂರಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಗ ಒಂದು ಸೈಬರ್ ಕೆಫೆಗೆ ಎಂಟು ನೆಟ್‌ವರ್ಕ್ ಕಾರ್ಡ್ ಹಾಕ್ಕೊಟ್ಟಿದ್ದೆ, ಸಸ್ತಾ ಮಾಲು. ಒಬ್ಬ ಮೇಲ್ ತೆಗೆದ್ರೆ ಪಕ್ಕದೋನ್ದು ನಿಂತೋಗೋದು. ಕೆಫೆ ಓನರ್ ನನ್ನ ಅಂಗಡಿ ಮುಂದೆ ಬಂದು ಕೂಗಾಡಿದ್ದೇ ಕೂಗಾಡಿದ್ದು. ಕಾರ್ಡಿಗೆ ಫ್ಯಾಕ್ಟರೀಲಿ ಒಂದು ನಂಬರ್ ಹಾಕ್ತಾರಲ್ಲ, ಒಂದರ ಥರ ಇನ್ನೊಂದು ಇರಬಾರ್ದು. ನೋಡಿದ್ರೆ ಎಂಟಕ್ಕೂ ಒಂದೇ ನಂಬರ್!"

ಫೈಲು ತೆಗೆದೆ. ಹನ್ನೆರಡಕ್ಕೂ ಹೆಸರು ಬದಲಿಸಿದ್ದೆ, ಐಪಿ ವಿಳಾಸ ಬದಲಿಸಿದ್ದೆ, ಕಾರ್ಡಿನ ನಂಬರನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಗೆಳತಿಯ ಲ್ಯಾಬ್ ರೆಕಾರ್ಡನ್ನು ಅವಳ ರಿಜಿಸ್ಟರ್ ನಂಬರಿನ ಸಮೇತ ಕಾಪಿ ಹೊಡೆದು ಸಿಕ್ಕಿಬಿದ್ದವಳು ನಾನು. ಅಷ್ಟು ಬೈಸಿಕೊಂಡರೂ ಬುದ್ಧಿ ಬಂದಿರಲಿಲ್ಲ. ವಠಾರದ ಹನ್ನೆರಡು ಮನೆಗೂ ಒಂದೇ ಬಾಗಿಲ ನಂಬರು, ಸ್ವಿಚ್ಚೆಂಬ ಪೋಸ್ಟ್‌ಮ್ಯಾನ್ ಪಾಪ ಕೊನೆಗೆ ಯಾರ ದನಿ ಕೇಳಿಸಿತೋ ಅವರಿಗೇ ಎಲ್ಲ ಕಾಗದ ಕೊಟ್ಟು ಹೋಗುತ್ತಿದ್ದ!

ಒಂದೊಂದಕ್ಕೂ ಬೇರೆ ನಂಬರು ಕೊಟ್ಟೆ. ಹನ್ನೆರಡೂ ಒಟ್ಟಿಗೆ ಮಾತಾಡಿದವು. ಅಂಕಲ್ ಇನ್ನೊಂದು ಸಲ ಎಂದರು, ಮತ್ತೊಂದು ಸಲ ಎಂದರು. ಒಳಗೆ ಸಂದೇಶಗಳು ಹೋಗಿ ಬರುವುದನ್ನು ಕಣ್ಣಿಗೆ ಕಾಣಿಸಲು ಆಗುತ್ತದೆಯೇ ಎಂದು ಕೇಳಿದರು. ಒಂದು ಕಮ್ಯಾಂಡ್ ಒತ್ತಿದೆ. ಸಾಲುಸಾಲಾಗಿ ಓಡುತ್ತಿದ್ದ ಅಕ್ಷರಗಳನ್ನು ಇಬ್ಬರೂ ಬಾಯಿಬಿಟ್ಟುಕೊಂಡು ನೋಡಿದೆವು. ನಾವಿಬ್ಬರೂ ಏನು ಮಾಡಿಕೊಂಡೆವೆಂದು ನೆನಪಾದದ್ದು ಅದಾದ ಮೇಲೆ.

"ಅಂಕಲ್, ಜೂನ್ ತನಕ ಇದು ಸರಿಯಾಗಿಲ್ಲ ಅಂತೀನಿ. ಟೆಸ್ಟಿಂಗ್ ತಾನೇ, ಎಷ್ಟು ಬೇಕಾದ್ರೂ ಎಳೀಬಹುದು," ಎಂದೆ.

"ನಾನಾಗಿ ಕೇಳಲ್ಲಮ್ಮ," ಎಂದರು. "ನೀನಾಗಿ ಮಾಡಿದ್ರೆ ಬೇಡ ಅನ್ನೋ ಅಷ್ಟು ದೊಡ್ಡೋನೂ ಅಲ್ಲ."

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲಿಗೆ ಬಂತು ಎಂದು ಕೇಳಿದರು. ಇನ್ನೂ ಸ್ವಲ್ಪ ತೊಂದರೆ ಇದೆ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಸುಮ್ಮನೆ ಸೌಜನ್ಯಕ್ಕೆ, ಎಂಥ ತೊಂದರೆ ಎಂದರು.

ನಾನು ಏನು ಬೇಕಾದರೂ ಹೇಳಬಹುದಿತ್ತು. ಆದರೆ ಆ ತೊಂದರೆ ಎಷ್ಟು ಚೆನ್ನಾಗಿತ್ತೆಂದರೆ ಎದ್ದು ಹೋಗಿ ಮಾರ್ಕರ್ ಹಿಡಿದೇಬಿಟ್ಟೆ. ಬೋರ್ಡಿನ ಮೇಲೆ ಹನ್ನೆರಡು ಚೌಕ ಬರೆದೆ, ಪೋಸ್ಟ್‌ಮ್ಯಾನ್ ಬರೆದೆ, ಅಂಕಲ್ ಅವರ ಎಂಟು ಕಾರ್ಡುಗಳ ಕಥೆಯನ್ನೂ ಹೇಳಿದೆ. ಜನ ನಕ್ಕರು, ನನಗೆ ಇನ್ನಷ್ಟು ಹುರುಪು ಬಂತು. ಆಮೇಲೆ ನಂಬರು ಬದಲಿಸಿದೆವು ಎಂಬ ಮಾತು ಬಾಯಿಂದ ಜಾರಿದ ಮೇಲೆ ನಿಂತೆ.

"ಅಂದರೆ ಈಗ ಕೆಲಸ ಮಾಡುತ್ತಿದೆ," ಎಂದರು ಮ್ಯಾನೇಜರ್. ಅದು ಪ್ರಶ್ನೆಯಾಗಿರಲಿಲ್ಲ.

ಅಂಕಲ್ ಬಾಗಿಲ ಹತ್ತಿರ ಕೂತಿದ್ದರು. ಹೊರಗೆ ಬರುವಾಗ ನನ್ನ ಪಕ್ಕದಲ್ಲೇ ನಡೆದರು. "ಚೆನ್ನಾಗಿ ಹೇಳ್ದೆಮ್ಮ, ಎಲ್ರಿಗೂ ಅರ್ಥ ಆಯ್ತು," ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರ್ಚ್ ಕೊನೆಯಲ್ಲಿ ಅವರು ಹೆಂಡತಿ, ಮಗಳೊಂದಿಗೆ ಬೆಂಗಳೂರಿಗೆ ಹೊರಟರು. ಹಿಂದಿನ ದಿನ, ಏರ್‌ಪೋರ್ಟಿಗೆ ಬಿಡಲು ಬರಲೇ ಎಂದು ಕೇಳೋಣವೆಂದು ಫೋನ್ ಮಾಡಿದೆ. ಎತ್ತಿದ್ದು ಮಗಳು. ನಾನು ಯಾರೆಂದು ಹೇಳಿದ ಕೂಡಲೇ ಅವಳು ಇಂಗ್ಲಿಷಿನಲ್ಲಿ, "ಓಹ್, ಆ ನೆಟ್‌ವರ್ಕ್ ಸರಿಮಾಡಿದ ಆಂಟಿ ನೀವೇನಾ? ನಮ್ಮ ಅಬ್ಬಾ ಅವತ್ತು ಊಟ ಮಾಡ್ತಾ ಪೂರ್ತಿ ಕಥೆ ಹೇಳಿದ್ರು," ಎಂದಳು. ಅವಳ ದನಿಯಲ್ಲಿ ಖುಷಿಯಿತ್ತು.

"ಸರಿಮಾಡಿದ್ದು ನಿಮ್ಮ ಅಬ್ಬಾ," ಎಂದೆ.