ಹೊಸ ಪ್ಯಾಡ್, ಹಿಡಿಯದ ಬ್ರೇಕ್

ಬೈಕಿನ ಮುಂದಿನ ಬ್ರೇಕಿಗೆ ಹೊಸ ಪ್ಯಾಡ್ ಹಾಕಿಸಿದ ಮೇಲೆ ಅದು ಮೊದಲಿಗಿಂತಲೂ ಕಡಿಮೆ ಹಿಡಿಯತೊಡಗಿತು. ಹರಪನಹಳ್ಳಿಯಿಂದ ಚಿಗಟೇರಿ ಕಡೆಯ ಶಾಲೆಯೊಂದಕ್ಕೆ ಪಾಠ ಮಾಡಲು ನಾನು ಆ ಬೈಕಿನಲ್ಲೇ ಹೋಗುತ್ತಿದ್ದೆ. ಬಸ್ಸು ಅಲ್ಲಿಗೆ ಮುಟ್ಟುವುದು ಮೊದಲ ಪಿರಿಯಡ್ ಮುಗಿದ ಮೇಲೆ. ಅಪ್ಪ ಕೀಲಿ ಕಸಿದುಕೊಂಡರೆ ಕೆಲಸ ಹೋದಂತೆಯೇ.

"ಬ್ರೇಕಿಲ್ಲದ ಗಾಡಿ ಮ್ಯಾಲೆ ನಿನ್ನ ಕಳಿಸಿ ನಾನು ಮನ್ಯಾಗ ಕುಂದ್ರಲೇನು? ಶನಿವಾರದ ಮಟ ನೋಡ್ತೀನಿ. ಆಮ್ಯಾಲೆ ಗಾಡಿ ಮುಟ್ಟಬ್ಯಾಡ" ಎಂದರು.

ಮೆಕ್ಯಾನಿಕ್ ಬ್ರೇಕ್ ಆಯಿಲ್ ಬದಲಿಸಿದರು. ಆಮೇಲೆ ಪೈಪನ್ನೂ ಬದಲಿಸಿದರು. ಆದರೂ ಹಾಗೇ.

"ಹೊಸ ಪ್ಯಾಡ್ ಅದಾವ್ರಿ ಅಕ್ಕಾರ, ಕುಂದ್ರಾಕ ಟೈಮ್ ಬೇಕು. ಓಡಸ್ರಿ."

"ಓಡಿಸ್ತೀನಿ. ನಿಲ್ಲಸಾದು ಹೆಂಗ್ರಿ?"

"ಹಿಂದಿನ್ ಬ್ರೇಕ್ ಐತಲ್ರಿ!" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಶನಿವಾರ ಶಾಲೆಯಿಂದ ಬಂದವಳೇ ಅಂಗಳದಲ್ಲಿ ಬೈಕಿನ ಮುಂದೆ ಕುಳಿತೆ. ಲಿವರ್ ಹಿಡಿದರೆ ಗಟ್ಟಿಯಾಗಿತ್ತು, ಮೆತ್ತಗಿರಲಿಲ್ಲ. ಅಂದರೆ ಪೈಪಿನಲ್ಲಿ ಗಾಳಿಯಿಲ್ಲ, ನನ್ನ ಬೆರಳಿನ ಒತ್ತಡ ಪ್ಯಾಡಿನವರೆಗೂ ಹೋಗುತ್ತಿದೆ. ಪ್ಯಾಡ್ ಚಕ್ರದ ಡಿಸ್ಕನ್ನು ಒತ್ತುತ್ತಿದೆ, ಆದರೆ ಹಿಡಿಯುತ್ತಿಲ್ಲ. ಕರವಸ್ತ್ರದಿಂದ ಡಿಸ್ಕ್ ಒರೆಸಿದೆ. ಬಟ್ಟೆ ಕಪ್ಪಾಯಿತು. ಮೂಸಿದರೆ ಕೊಬ್ಬರಿ ಎಣ್ಣೆ.

ಪ್ಯಾಡ್ ಹಾಕಿಸಿದ ಮರುದಿನ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಅಪ್ಪ ಗಾಡಿ ತೊಳೆದು, ಕಪ್ಪು ಭಾಗಗಳಿಗೆಲ್ಲ ಎಣ್ಣೆ ಸವರಿ ಮಿಂಚಿಸಿ, ನಿಂಬೆಹಣ್ಣು ಕಟ್ಟಿ ಪೂಜೆ ಮಾಡುತ್ತಾರೆ.

"ಅಪ್ಪಾ, ಈ ಸಲ ಡಿಸ್ಕಿಗೂ ಎಣ್ಣಿ ಹಚ್ಚೀಯೇನು?"

"ಹ್ಞೂಂ. ಹೊಸಾ ಸಾಮಾನು, ಜಂಗ್ ಹಿಡೀಬಾರ್ದಂತ ಹಚ್ಚೀನಿ. ಯಾಕ?"

"ಅಲ್ಲಿ ಎಣ್ಣಿ ಇದ್ರ ಬ್ರೇಕ್ ಹಿಡಿಯಂಗಿಲ್ಲಪ್ಪ."

"ಓದಿದ್ದು ಜಾಸ್ತಿ ಆತು ನಿಂದು. ಪೂಜೆ ಮಾಡಿದ್ರಾಗೂ ತಪ್ಪು ಹುಡುಕ್ತಿ."

ಮೈಯೆಲ್ಲ ಉರಿಯಿತು. ಇಷ್ಟು ದಿನ ಭಯದಲ್ಲಿ ಗಾಡಿ ಓಡಿಸಿದವಳು ನಾನು, ಮುನಿಸಿಕೊಂಡವರು ಅವರು. ಮಾತು ಬೆಳೆಸದೆ ಅಂಗಡಿಗೆ ಹೋದೆ. ಎಣ್ಣೆ ಕುಡಿದ ಪ್ಯಾಡನ್ನು ಎಷ್ಟು ಉಜ್ಜಿದರೂ ಪ್ರಯೋಜನವಿರಲಿಲ್ಲ. ಡಿಸ್ಕನ್ನು ಪೆಟ್ರೋಲಿನಲ್ಲಿ ಒರೆಸಿ ಇನ್ನೊಂದು ಜೊತೆ ಪ್ಯಾಡ್ ಹಾಕಬೇಕಾಯಿತು.

"ಎಣ್ಣಿ ಹೆಂಗ್ ಬಿತ್ರೀ ಇಲ್ಲಿ?" ಎಂದು ಮೆಕ್ಯಾನಿಕ್ ಕೇಳಿದರು.

ಗೊತ್ತಿಲ್ಲ ಎಂದೆ.

ಸಂಜೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ನೀಲಗುಂದದ ದಾರಿ ಹಿಡಿದೆ. ತಿರುವಿನಲ್ಲಿ ಕುರಿಹಿಂಡು ರಸ್ತೆಗಿಳಿಯಿತು. ಬ್ರೇಕ್ ಹಿಡಿದೆ. ಬೈಕ್ ಅಲ್ಲೇ ನಿಂತಿತು. ಅಪ್ಪನ ಗದ್ದ ನನ್ನ ಬೆನ್ನಿಗೆ ಬಡಿಯಿತು.

"ಇಷ್ಟ್ ಜೋರ್ ಹಿಡೀತಾರೇನು?" ಎಂದು ಗದರಿದರು. ಕುರಿಗಳೆಲ್ಲ ದಾಟುವವರೆಗೂ ಗದ್ದ ಉಜ್ಜಿಕೊಳ್ಳುತ್ತಿದ್ದರು. ಕೀಲಿಯ ಮಾತನ್ನು ಮಾತ್ರ ಎತ್ತಲಿಲ್ಲ.