ಏಣಿಯ ಬುಡದಲ್ಲಿ ಪುಟ್ಟಲಕ್ಷ್ಮಕ್ಕ

ಸುಟ್ಟ ಮನೆಯಿರಲಿ, ನೀರು ನುಗ್ಗಿದ ಮನೆಯಿರಲಿ, ಪುಟ್ಟಲಕ್ಷ್ಮಕ್ಕ ಮೊದಲು ಫ್ಯೂಸು ಕಿತ್ತು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಆಮೇಲೆಯೇ ಕೆಲಸದವರು ಒಳಗೆ.

ಉತ್ತರಹಳ್ಳಿಯ ಒಕ್ಕಲು ಮನೆತನದ ಹೆಣ್ಣು, ಓದಿದ್ದು ಏಳನೇ ಕ್ಲಾಸು. ಹಾಳಾದ ಮನೆಗಳನ್ನು ರಿಪೇರಿ ಮಾಡಿಕೊಡುವ ಕಂಟ್ರಾಕ್ಟು ಅವರದು. ನಾನು ಡಿಪ್ಲೊಮಾ ಮುಗಿಸಿ ಅವರಲ್ಲಿ ಸೂಪರ್‌ವೈಸರ್ ಆದೆ. ಟೀ ಹೊತ್ತಿನಲ್ಲಿ ಸುರಕ್ಷತಾ ನಿಯಮಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು.

"'ತಕ್ಕದ್ದು' ಅಂದ್ರೆ ಏನು? ಮಾಡಿದ್ರೆ ಒಳ್ಳೇದು ಅಂತಲಾ, ಮಾಡ್ಲೇಬೇಕು ಅಂತಲಾ?"

"ಮಾಡ್ಲೇಬೇಕು ಅಂತ ಅಕ್ಕ."

"ಹಂಗಾದ್ರೆ ಅದ್ರ ಕೆಳಗೆ ಗೆರೆ ಎಳಿ."

ಜಯನಗರದಲ್ಲಿ ಒಬ್ಬ ನಿವೃತ್ತ ಅಧಿಕಾರಿಯ ಮನೆಯ ಹಿಂಭಾಗ ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟಿತ್ತು. ಮೂರು ವಾರಕ್ಕೆ ಮಗಳ ಮದುವೆ. ಚಾವಣಿಯ ಬಿರುಕು ಬಿಟ್ಟ ಆಸ್ಬೆಸ್ಟಾಸ್ ಶೀಟುಗಳನ್ನು ಒಡೆದು ಪಕ್ಕದ ಖಾಲಿ ಸೈಟಿಗೆ ಸುರಿಯಿರಿ ಎಂದರು.

"ಆಗಲ್ಲ ಸಾರ್. ಒಡೆದ್ರೆ ಆ ಧೂಳು ಎದೇಲೇ ಕೂತ್ಬಿಡುತ್ತೆ. ನೀರು ಹೊಡೆದು, ಇಡಿಯಾಗಿ ಬಿಚ್ಚಿ, ಪ್ಲಾಸ್ಟಿಕ್ಕಲ್ಲಿ ಸುತ್ತಿ, ಅಪಾಯದ ಕಸ ತಗೊಳ್ಳೋ ಜಾಗಕ್ಕೇ ಕಳಿಸ್ಬೇಕು. ಕಾನೂನಿದೆ."

"ಅದನ್ನೆಲ್ಲ ಯಾರಮ್ಮ ನೋಡ್ತಾರೆ?"

"ನಾನು ನೋಡ್ತೀನಲ್ಲ ಸಾರ್."

ಅವರು ಬೇರೆಯವರಿಗೆ ಕೆಲಸ ಕೊಟ್ಟರು. ಮರುದಿನ ನಮ್ಮ ಸಾಮಾನು ತರಲು ಹೋದಾಗ, ಹೊಸ ಕಂಟ್ರಾಕ್ಟರನ ನಾಲ್ವರು ಆಳುಗಳು ಮುಖಕ್ಕೆ ಬರೀ ಟವೆಲು ಸುತ್ತಿಕೊಂಡು ಸುತ್ತಿಗೆ ಹಿಡಿದಿದ್ದರು. ಪುಟ್ಟಲಕ್ಷ್ಮಕ್ಕ ಅವರು ಯಾರೂ ಚಾವಣಿ ಹತ್ತದಂತೆ ಏಣಿಯ ಬುಡದಲ್ಲಿ ಇಟ್ಟಿಗೆ ಹಾಕಿಕೊಂಡು ಕುಳಿತುಬಿಟ್ಟರು.

ನನಗೆ ಮುಜುಗರ. "ಬಿಡಿ ಅಕ್ಕ, ನಮಗೆ ಬೇರೆ ಕೆಲಸ ಸಿಗುತ್ತೆ" ಎಂದು ಪಿಸುಗುಟ್ಟಿದೆ.

"ಕೆಲಸ ನಮಗೆ ಸಿಗುತ್ತೆ ಕಣೋ. ಧೂಳು ಇವ್ರಿಗೆ ಸಿಗುತ್ತೆ."

ಆ ನಾಲ್ವರಿಗೂ ಶೀಟಿನ ವಿಷಯ ನಿಧಾನವಾಗಿ ಹೇಳಿದರು. ಅವರ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, "ಇದು ನಮಗೆ ಯಾರೂ ಹೇಳಿರ್ಲಿಲ್ಲ" ಎಂದ. ಯಜಮಾನರು ಪೊಲೀಸರನ್ನು ಕರೆಯುತ್ತೇನೆಂದರು. "ಕರೀರಿ ಸಾರ್, ಅವ್ರ ಮುಂದೇನೇ ಓದಿಸ್ತೀನಿ" ಎಂದು ನನ್ನ ಕೈಯಲ್ಲಿದ್ದ ನಿಯಮಗಳ ಪುಸ್ತಕ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಸೋತು ಕೆಲಸವನ್ನು ನಮಗೇ ಬಿಟ್ಟರು. ಅದೇ ನಾಲ್ವರು ಸರಿಯಾದ ಮಾಸ್ಕು ಹಾಕಿಕೊಂಡು ಮೂರು ದಿನದಲ್ಲಿ ಶೀಟು ಇಳಿಸಿದರು. ಕೊನೆಯ ದಿನ ಯಜಮಾನರೂ ಒಂದು ಮಾಸ್ಕು ಕೇಳಿ ಪಡೆದು, ನೀರಿನ ಪೈಪು ಹಿಡಿದು ನಿಂತರು. ಮದುವೆ ಆ ಮನೆಯಲ್ಲೇ ಆಯಿತು.

ಮಂಡಿನೋವು ಹೆಚ್ಚಾದ ಮೇಲೆ ಅಕ್ಕ ಕೆಲಸವನ್ನು ನನಗೆ ಒಪ್ಪಿಸಿದರು. ಕೊನೆಯ ಸಲ ಕಂಡಿದ್ದು ಕತ್ರಿಗುಪ್ಪೆಯ ಬಸ್‌ ಸ್ಟಾಪಿನಲ್ಲಿ. ಕೆಲಸ ಹೇಗಿದೆ ಎಂದು ಕೇಳಲಿಲ್ಲ.

"ಯಾರಿಗೂ ಏನೂ ಆಗಿಲ್ಲ ತಾನೆ?"

"ಇಲ್ಲ ಅಕ್ಕ."

"ಸರಿ, ಹೋಗು. ಸೈಟಲ್ಲಿ ಜನ ಕಾಯ್ತಿರ್ತಾರೆ."

ಬಸ್ಸು ಬಂತು. ನನ್ನ ಕೈ ಹಿಡಿಯದೆ ತಾವೇ ಹತ್ತಿದರು. ಆ ತಿಂಗಳೇ ತೀರಿಕೊಂಡರು.