ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ

ನಮ್ಮ ಯಜಮಾನರ ಬಾಯುಪಚಾರಕ್ಕೆ ಎಲ್ಲೆ ಎಂಬುದೇ ಇರಲಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಮೆರಿಕದಲ್ಲಿ ನಾವಿದ್ದ ಎಲಿಕಾಟ್ ಸಿಟಿಯಿಂದ ಬಾಡಿಗೆಯ ಆರ್‌ವಿ ತೆಗೆದುಕೊಂಡು ಸೌತ್ ಕ್ಯಾರೊಲಿನಾದ ಕೆರೆಯೊಂದರ ದಂಡೆಗೆ ಹೋಗಿದ್ದೆವು. ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಬಸ್ಸಿನಂಥ ಗಾಡಿ. ಪಕ್ಕದಲ್ಲಿ ಬಿಡಾರ ಹೂಡಿದ್ದ ಬಿಳಿಯನೊಬ್ಬ ಸಂಜೆ ಬಂದು ಗಾಡಿಯನ್ನು ಹೊಗಳಿದ. ಇವರು ಉಬ್ಬಿಹೋಗಿ, ಯಾವಾಗ ಬೇಕಾದರೂ ಬನ್ನಿ, ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಮೈಸೂರಿನಲ್ಲಿ ಹಾಗೆ ಹೇಳಿಸಿಕೊಂಡವರು ನಕ್ಕು ತಮ್ಮ ಮನೆಗೆ ಹೋಗುತ್ತಾರೆ.

ಅವನು ಬೆಳಿಗ್ಗೆ ಬಂದೇಬಿಟ್ಟ. ಇವರು ನೀರಿನ ಪೈಪು ಜೋಡಿಸಲು ಗಾಡಿಯ ಹಿಂದಕ್ಕೆ ಹೋಗಿದ್ದರು. ನಾನು ಉಪ್ಪಿಟ್ಟಿಗೆ ಎಣ್ಣೆ ಕಾಯಲಿಟ್ಟು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಸೆರಗು ಇನ್ನೂ ಹೊದ್ದಿರಲಿಲ್ಲ. ಬಾಗಿಲು ಕೂಡ ತಟ್ಟದೆ ಒಳಗೆ ಹತ್ತಿದ. "ಗೆಟ್ ಔಟ್" ಎಂದೆ. ಹೋಗಲಿಲ್ಲ. ನನ್ನನ್ನೇ ನೋಡುತ್ತ, ನಗುತ್ತ ಸೋಫಾದ ಮೇಲೆ ಕೂತ. ಮೈಯೆಲ್ಲ ಉರಿದುಹೋಯಿತು. ಕಾದ ಬಾಣಲೆಯನ್ನೇ ಎತ್ತಿದೆ. ಆಗ ಇಳಿದ.

ಇಳಿದವನೇ ಹೋಗಿ ಕ್ಯಾಂಪಿನ ಮ್ಯಾನೇಜರನ್ನು ಕರೆತಂದ. ಈ ಹುಚ್ಚಿ ನನ್ನ ಮೇಲೆ ಎಣ್ಣೆ ಸುರಿಯಲು ಬಂದಳು ಎಂದು ದೂರು. ಮ್ಯಾನೇಜರ್ ವಯಸ್ಸಾದ ಹೆಂಗಸು. ಎಲ್ಲ ಕೇಳಿಕೊಂಡು ನನಗೆ ಹೇಳಿದರು: ಇಲ್ಲಿ ಇರುವಷ್ಟು ದಿನ ಈ ಗಾಡಿ ನಿನ್ನ ಮನೆ, ಹೋಗು ಎಂದರೂ ಹೋಗದವನನ್ನು ತಡೆಯುವುದು ನಿನ್ನ ಹಕ್ಕು, ಪೊಲೀಸರನ್ನು ಕರೆಸಲೇ? ನಾನು ಹೂಂ ಎನ್ನುವಷ್ಟರಲ್ಲಿ ಇವರು ಅಡ್ಡ ಬಂದು, ತಪ್ಪೆಲ್ಲ ನನ್ನ ಹೆಂಡತಿಯದೇ ಎಂದರು. ಆಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು:

"ಒಂದ್ಸಲ ಸಾರಿ ಹೇಳ್ಬಿಡೇ. ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀವಿ. ಪೊಲೀಸು ಗಿಲೀಸು ಅಂತಾದ್ರೆ ಮುಗೀತು."

"ರೀ, ಅವ್ನು ಹೆಂಗೆ ನೋಡ್ತಿದ್ದ ಗೊತ್ತಾ?"

"ನೋಡಿದ್ರೆ ನೀನೇನ್ ಸವೆದು ಹೋಗ್ತೀಯಾ?"

ಸಾರಿ ಎಂದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವನು ಇವರ ಬೆನ್ನು ತಟ್ಟಿ ನಗುತ್ತ ಹೋದ, ಇವರೂ ನಕ್ಕರು. ಅವನ ನೋಟವನ್ನಾದರೂ ಮರೆತೇನು, ಇವರ ಆ ನಗುವನ್ನು ಇವತ್ತಿಗೂ ಕ್ಷಮಿಸಿಲ್ಲ.

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು.

"ತಿಂಡಿ ಆಯ್ತೇನೇ? ಬಾಗ್ಲು ತೆಗಿ. ಹೆದರ್ಕೋಬೇಡ, ನಾನು ಕಣೇ."

ಯಾರೆಂದು ಗೊತ್ತಿದ್ದರಿಂದಲೇ ತೆಗೆಯಲಿಲ್ಲ.